ನಾಲ್ಕನೇ ಸಾಲಿನ ಗರಿ

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕೂತವರಿಗೆಲ್ಲ ಆ ಬೋರ್ಡು ಗೊತ್ತು. ಗುಡ್ಡದ ಮೇಲಿನ ಆಟದ ಪಾರ್ಕಿನ ಗೇಟಿಗಿಂತ ಸ್ವಲ್ಪ ಮೊದಲು, ಎರಡು ಕಬ್ಬಿಣದ ಕಂಬಗಳ ಮೇಲೆ ನಿಂತ ತಗಡಿನ ಬೋರ್ಡು. ಅದರಲ್ಲಿ ರೆಕ್ಕೆ ಬಿಚ್ಚಿದ ಒಂದು ಗಿಡುಗ. ಗಿಡುಗನ ಕೆಳಗೆ ದಪ್ಪ ಅಕ್ಷರದಲ್ಲಿ 'ಬರಲಿದೆ ಗಿಡುಗ ರೋಲರ್ ಕೋಸ್ಟರ್', ಅದರ ಕೆಳಗೆ ಒಂದು ದಿನ. ಆರು ವರ್ಷದಲ್ಲಿ ಗಿಡುಗ ಬದಲಾಗಲಿಲ್ಲ, ಅಕ್ಷರ ಬದಲಾಗಲಿಲ್ಲ, ದಿನ ಮಾತ್ರ ಒಂಬತ್ತು ಸಲ ಬದಲಾಯಿತು. ಬರುವ ಬಿಸು ಹಬ್ಬಕ್ಕೆ ಎಂದಿತ್ತು, ದೀಪಾವಳಿಗೆ ಎಂದಾಯಿತು, ನಡುವೆ ಕೊರೊನಾ ಬಂದು ಹೋಯಿತು, ಮತ್ತೆ ಬಿಸು, ಮತ್ತೆ ದೀಪಾವಳಿ. ಕಂಡಕ್ಟರುಗಳು ಅದನ್ನು ತೋರಿಸಿ ನಗಾಡುತ್ತಿದ್ದರು.

ಆ ಒಂಬತ್ತು ಸಲವೂ ದಿನ ಬರೆದವನು ಅಶೋಕ. ನಗುವವರಿಗೇನು, ನಗಲಿ, ಬರೆದವನ ಕಷ್ಟ ಬರೆದವನಿಗೆ ಗೊತ್ತು. ಒಂದು ಕಾಲದಲ್ಲಿ ಮಾಣಿಯಿಂದ ಮೂಡುಬಿದಿರೆಯವರೆಗೆ ಅಂಗಡಿ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಅವನ ಕೈಯದೇ ಆಗಿತ್ತು. ಫ್ಲೆಕ್ಸ್ ಬಂದು ಬ್ರಷ್ಷಿಗೆ ಕೆಲಸ ಇಲ್ಲದಂತಾದಾಗ ಪಾರ್ಕಿನವರು ಕರೆದು ಪೇಂಟರ್ ಕೆಲಸ ಕೊಟ್ಟರು. ಧರ್ಮಕ್ಕೇನೂ ಕೊಟ್ಟದ್ದಲ್ಲ. ಪಾರ್ಕಿನ ಧಣಿಗಳು ಮಸ್ಕತ್ತಿನಲ್ಲಿ ಹೋಟೆಲು ಇಟ್ಟವರು, ಅಲ್ಲಿಂದಲೇ ಫೋನಿನಲ್ಲಿ ಮನಸ್ಸು ಬದಲಾಯಿಸುವವರು. ಪ್ರತಿ ಸಲ ಹೊಸ ಫ್ಲೆಕ್ಸ್ ಮಾಡಿಸುವುದಕ್ಕಿಂತ ಒಬ್ಬ ಪೇಂಟರ್ ಇದ್ದರೆ ಹಳೆಯ ದಿನದ ಮೇಲೆ ಬಿಳಿ ಬಳಿದು ಹೊಸ ದಿನ ಬರೆಯುತ್ತಾನೆ, ಅಷ್ಟೇ ಲೆಕ್ಕ.

ಆದರೆ ಆ ದಿನಗಳನ್ನು ನಂಬಿದವಳು ಒಬ್ಬಳಿದ್ದಳು, ಅವನ ಮಗಳು ಸಾತ್ವಿಕಾ. ಮೊದಲ ಬೋರ್ಡು ಎದ್ದ ವರ್ಷವೇ ಅವಳಿಗೆ ಕಿಡ್ನಿಯ ಕಾಯಿಲೆ ಶುರುವಾದದ್ದು. ಆಗ ಐದು ವರ್ಷ. ಒಂದು ಬೆಳಿಗ್ಗೆ ಮುಖ ಊದಿಕೊಂಡು ಕಣ್ಣೇ ಬಿಡಲಾಗದೆ ಎದ್ದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿಸಿದರು. ಉಪ್ಪಿಲ್ಲದ ಗಂಜಿ ತಿನ್ನದೆ ಹಟ ಹಿಡಿದ ಮಗುವಿಗೆ ಅಶೋಕ ಹೇಳಿದ್ದು ಇದೊಂದೇ.

"ಗಿಡುಗ ಬರ್ತದೆ ಮಗಾ. ಅದು ಬರುವಾಗ ನೀನು ಗುಣ ಆಗಿರ್ತೀ. ಮೊದಲನೇ ಗಾಡಿಯ ಮೊದಲನೇ ಸೀಟು ನಿನಗೆ."

"ಮತ್ತೆ? ಮತ್ತೆ ಎಂತ ಬರ್ತದೆ ಅಪ್ಪ?"

ಮತ್ತೆ ಎಂತ ಬರ್ತದೆ ಎಂದು ಅವನಿಗೇನು ಗೊತ್ತು? ಆದರೂ ಹೇಳಿದ. ಗುಡ್ಡಕ್ಕೆ ಸುತ್ತು ಹಾಕುವ ಪುಟ್ಟ ರೈಲು, ದೋಣಿ ಬಿಡುವ ಕೆರೆ, ನಿಂತರೆ ಕುದುರೆಮುಖ ಕಾಣುವ ಗಾಜಿನ ಸೇತುವೆ. ಎರಡನೇ ಹಂತ, ಮೂರನೇ ಹಂತ ಎಂದು ಧಣಿಗಳ ಕನಸಿನಲ್ಲೂ ಬಾರದ ಎಷ್ಟೋ ಆಟಗಳನ್ನು ಅವನು ಆ ಮಂಚದ ಪಕ್ಕದಲ್ಲಿ ಕೂತು ಕಟ್ಟಿದ. ಒಂದೊಂದು ಆಟಕ್ಕೆ ಒಂದೊಂದು ಚಮಚ ಗಂಜಿ ಒಳಗೆ ಹೋಯಿತು. ಅಲ್ಲಿ ಮಲಗಿಕೊಂಡೇ ಅವಳು ಮಾತ್ರೆಯ ಡಬ್ಬದ ರಟ್ಟಿನ ಮೇಲೆ ಒಂದು ಗಿಡುಗನ ಚಿತ್ರ ಬಿಡಿಸಿದಳು. ಅಡ್ಡಕ್ಕೆ ಚಾಚಿದ ರೆಕ್ಕೆ, ರೆಕ್ಕೆಯಲ್ಲಿ ಮೂರು ಸಾಲು ಗರಿ. ಅಶೋಕ ಅದನ್ನೇ ಹಾಗೆಯೇ ತಗಡಿಗೆ ಇಳಿಸಿದ. ಪಾರ್ಕಿನಲ್ಲಿ ಎಲ್ಲೆಲ್ಲಿ ಗಿಡುಗ ಉಂಟೋ ಅದೆಲ್ಲ ಅವಳದೇ.

ಈಗ ಅವಳಿಗೆ ಹನ್ನೊಂದು, ಆರನೇ ಕ್ಲಾಸು. ಕಾಯಿಲೆ ಹೋಗುತ್ತದೆ, ಬರುತ್ತದೆ. ಬಂದಾಗಲೆಲ್ಲ ಸ್ಟೀರಾಯ್ಡ್ ಗುಳಿಗೆ. ಆ ಗುಳಿಗೆ ಜೀವ ಉಳಿಸಿತು, ಸುಳ್ಳಲ್ಲ. ಆದರೆ ಎತ್ತರವನ್ನು ನುಂಗಿತು. ಓರಗೆಯ ಹುಡುಗಿಯರೆಲ್ಲ ಅಮ್ಮಂದಿರ ಹೆಗಲು ಮುಟ್ಟುವಾಗ ಇವಳು ಮೂರನೇ ಕ್ಲಾಸಿನ ಸಾಲಿನಲ್ಲಿ ನಿಂತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯ ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು ನಿಂತು ಅವಳು ತಿಂಗಳಿಗೊಂದು ಪೆನ್ಸಿಲ್ ಗೀಟು ಹಾಕಿಸಿಕೊಳ್ಳುತ್ತಿದ್ದಳು. ಕಳೆದ ವರ್ಷದ ಹನ್ನೆರಡು ಗೀಟುಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೀಟಾಗಿದ್ದವು. ನೂರ ಇಪ್ಪತ್ತನಾಲ್ಕು ಸೆಂಟಿಮೀಟರು.

ಅಷ್ಟರಲ್ಲಿ ಗಿಡುಗ ನಿಜವಾಗಿಯೂ ಬಂತು ನೋಡಿ! ಹತ್ತನೇ ಸಲ ಬರೆದ ದಿನ ನಿಜವಾಯಿತು. ಲಾರಿಗಳಲ್ಲಿ ಕಬ್ಬಿಣದ ಹಳಿ ಬಂತು, ಹೊರ ರಾಜ್ಯದ ಫಿಟ್ಟರುಗಳು ಬಂದು ಮೂರು ತಿಂಗಳು ಕೂತರು, ಪರೀಕ್ಷೆ ಮಾಡುವ ಇಂಜಿನಿಯರು ಬಂದು ಎಲ್ಲವನ್ನೂ ಅಳೆದು ಸಹಿ ಹಾಕಿದ. ಡಿಸೆಂಬರಿನ ಎರಡನೇ ಶನಿವಾರ ಉದ್ಘಾಟನೆ. ಮೊದಲ ದಿನವೇ ಸಾತ್ವಿಕಾಳ ಶಾಲೆಯ ಪ್ರವಾಸ ಅಲ್ಲಿಗೇ. ಮತ್ತೆ ಆ ಇಂಜಿನಿಯರೇ ಟೇಪು ಹಿಡಿದು ಅಶೋಕನ ಕೈಯಲ್ಲಿ ಒಂದು ಬೋರ್ಡು ಬರೆಸಿದ. ಕೋಸ್ಟರಿನ ಬಾಗಿಲಲ್ಲಿ ನೆಲದಿಂದಲೇ ಎದ್ದ ಆಳೆತ್ತರದ ತಗಡು, ಅದರಲ್ಲಿ ರೆಕ್ಕೆ ಚಾಚಿದ ಗಿಡುಗ. ತಗಡಿಗೆ ಬೆನ್ನು ಕೊಟ್ಟು ನಿಂತ ಮಗುವಿನ ನೆತ್ತಿ ರೆಕ್ಕೆಯ ಕೆಳಗಿನ ಅಂಚನ್ನು ಮುಟ್ಟಬೇಕು. ಮುಟ್ಟದವರಿಗೆ ಒಳಗೆ ಬಿಡುವಂತಿಲ್ಲ. ಅಂಚು ಇದ್ದದ್ದು ನೂರ ಮೂವತ್ತಕ್ಕೆ ಸರಿಯಾಗಿ.

ಮಗಳು ಬಿಡಿಸಿದ ಗಿಡುಗನನ್ನು ತನ್ನ ಕೈಯಾರೆ ಬರೆದು, ಅದೇ ಅವಳನ್ನು ಹೊರಗೆ ನಿಲ್ಲಿಸುವಂತಾಯಿತಲ್ಲ! ಅಶೋಕ ಅವತ್ತು ಊಟ ಬಿಟ್ಟ. ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಆಗಲೇ ಪ್ರವಾಸಕ್ಕೆ ಹಾಕುವ ಶೂಸಿಗೆ ಪಾಲಿಶ್ ಮಾಡಿ ಇಟ್ಟಿದ್ದಳು.

ಅದರ ಮೇಲೆ ಇನ್ನೊಂದು ಬಂತು. ಈ ಕಾಯಿಲೆಯವರ ಮನೆಯಲ್ಲಿ ದಿನಾ ಬೆಳಿಗ್ಗೆ ಮೂತ್ರಕ್ಕೆ ಒಂದು ಪಟ್ಟಿ ಅದ್ದಿ ನೋಡಲಿಕ್ಕುಂಟು. ಹಳದಿ ಉಳಿದರೆ ಒಳ್ಳೆಯದು, ಹಸಿರಾದರೆ ಕೆಟ್ಟದ್ದು. ಮೂರು ದಿನ ಸಾಲಾಗಿ ಹಸಿರು ಬಂದರೆ ಕಾಯಿಲೆ ಮರಳಿದೆ ಎಂದರ್ಥ. ಗುಳಿಗೆ ಪುನಃ ಪೂರ್ತಿ ಲೆಕ್ಕದಲ್ಲಿ ಶುರು. ಗುರುವಾರ ಹಸಿರು ಬಂತು, ಶುಕ್ರವಾರವೂ ಬಂತು. ಫೋನಿನಲ್ಲಿ ಡಾಕ್ಟರು ಮೆತ್ತಗೆ ಹೇಳಿದರು: ನಾಳೆಯೂ ಹೀಗೆಯೇ ಆದರೆ ಭಾನುವಾರದಿಂದ ಗುಳಿಗೆ ಕೊಡಿ, ಆಮೇಲೆ ಆರು ತಿಂಗಳು ಜನಜಂಗುಳಿಗೆ ಕರೆದುಕೊಂಡು ಹೋಗಬೇಡಿ, ಎತ್ತರದ ಆಸೆ ಈ ವರ್ಷಕ್ಕೆ ಬಿಡಿ.

"ನಾಳೆ ಒಂದು ದಿನ ಹೋಗಿ ಬರ್ಲಿ. ಕೂರ್ಲಿಕ್ಕೆ ಆಗದಿದ್ರೂ ಕಣ್ಣಲ್ಲಿ ನೋಡಿಯಾದರೂ ಬರ್ಲಿ," ಎಂದಳು ಹೆಂಡತಿ ದೀಪಶ್ರೀ. ಹಾಗೆಂದವಳು ಒಲೆಯ ಕಡೆ ತಿರುಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಕಣ್ಣಲ್ಲಿ ನೋಡಿ ಬರ್ಲಿ! ಆರು ವರ್ಷದಿಂದ ಅವಳು ಬೇರೆ ಮಾಡಿದ್ದಾದರೂ ಎಂತ?

ಶುಕ್ರವಾರ ಸಂಜೆ ಐದಕ್ಕೆ ಪಾರ್ಕಿನವರೆಲ್ಲ ಶಾಮಿಯಾನದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಅಶೋಕ ಕಂದು ಬಣ್ಣದ ಡಬ್ಬ ಹಿಡಿದು ಗಿಡುಗನ ಮುಂದೆ ಕೂತ. ತಗಡಿನ ಬುಡ ಕತ್ತರಿಸಿ ಕೆಳಗಿಳಿಸಿದರೆ ಸ್ಕ್ರೂ ಗುರುತು ಕಾಣುತ್ತದೆ, ನೆಲ ಎತ್ತರಿಸಿದರೆ ಹೊಸ ಸಿಮೆಂಟು ಕಾಣುತ್ತದೆ. ಆದರೆ ಗಿಡುಗನಿಗೆ ಒಂದು ಸಾಲು ಗರಿ ಜಾಸ್ತಿ ಆದರೆ ಯಾರು ಎಣಿಸುತ್ತಾರೆ? ಮೂರನೇ ಸಾಲಿನ ಕೆಳಗೆ ಅವನು ನಾಲ್ಕನೇ ಸಾಲು ಗರಿ ಬರೆದ. ಆರು ಸೆಂಟಿಮೀಟರು ಉದ್ದದ, ತುದಿ ಚೂಪಾದ, ಬಹಳ ಚಂದದ ಗರಿಗಳು. ಪಕ್ಕದಲ್ಲಿ '130' ಎಂದು ಬರೆದ ಅಂಕೆಯನ್ನೂ ಅಳಿಸಿ ಆರು ಸೆಂಟಿಮೀಟರು ಕೆಳಗೆ ಬರೆದ. ಒಂಬತ್ತು ಸಲ ಬೋರ್ಡಿನಲ್ಲಿ ಸುಳ್ಳು ದಿನ ಬರೆದಿದ್ದೇನೆ, ಯಾರಾದರೂ ಸತ್ತಿದ್ದಾರಾ ಎಂದು ತನ್ನಷ್ಟಕ್ಕೇ ಕೇಳಿಕೊಂಡ. ಒಂದೇ ಒಂದು ಸಲ ಅವಳು ಕೂತು ಇಳಿಯಲಿ, ಸಂಜೆಯೇ ಬಂದು ಅಳಿಸುತ್ತೇನೆ ಎಂದು ದೇವರಿಗೂ ಹೇಳಿದ.

ಶನಿವಾರ ಬೆಳಿಗ್ಗೆ ಪಟ್ಟಿ ಹಸಿರಾಯಿತು. ಕಡು ಹಸಿರು. ಅದನ್ನು ಕಾಗದದಲ್ಲಿ ಸುತ್ತಿ ಮಾಡಿನ ಹಂಚಿನ ಸಂದಿಗೆ ಸಿಕ್ಕಿಸಿ, "ಇವತ್ತು ಅವಳ ಹತ್ರ ಹೇಳುವುದು ಬೇಡ," ಎಂದು ದೀಪಶ್ರೀಗೆ ಹೇಳಿ ಅವನು ಬೈಕು ಹತ್ತಿದ.

ಉದ್ಘಾಟನೆ ಮುಗಿದು, ಭಾಷಣ ಮುಗಿದು, ತೆಂಗಿನಕಾಯಿ ಒಡೆದು ಆಗುವಾಗ ಹನ್ನೊಂದೂವರೆ. ಶಾಲೆಯ ಮಕ್ಕಳಿಗೂ ಹೊರಗಿನವರಿಗೂ ಒಂದೇ ಸಾಲು. ಅಳೆಯಲು ನಿಂತವಳು ಟಿಕೆಟ್ ಕೌಂಟರಿನ ಮಿಸ್ರಿಯಾ. ಕೋಸ್ಟರ್ ಬಿಡುವವನು ಡೊಂಬಯ್ಯ. ಹದಿನಾರು ವರ್ಷ ಜೈಂಟ್ ವೀಲು ತಿರುಗಿಸಿದ, ಸೀಟಿನ ಕೊಂಡಿ ತಾನೇ ಎಳೆದು ನೋಡದೆ ಒಂದು ಸುತ್ತೂ ಬಿಡದ ಮುದುಕ. ಅಶೋಕ ಬೇಲಿಯ ಈಚೆ ಪೇಂಟು ಡಬ್ಬದ ನೆಪ ಮಾಡಿಕೊಂಡು ನಿಂತಿದ್ದ.

ಸಾತ್ವಿಕಾಳ ಸರದಿ ಬಂತು. ಗೆಳತಿ ಸುರಕ್ಷಾ, ಕಡ್ಡಿಯಂಥ ಉದ್ದದ ಹುಡುಗಿ, ಆಗಲೇ ಪಾಸಾಗಿ ಒಳಗೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಸಾತ್ವಿಕಾ ತಗಡಿನ ಮುಂದೆ ಬಂದವಳು ಒಂದು ಗಳಿಗೆ ಗಿಡುಗನನ್ನೇ ನೋಡಿದಳು. ಆಮೇಲೆ ತಿರುಗಿ, ಬೆನ್ನು ಕೊಟ್ಟು, ಹಿಮ್ಮಡಿ ಕೂಡಿಸಿ, ಮನೆಯ ದಾರಂದಕ್ಕೆ ನಿಂತ ಹಾಗೆಯೇ ನಿಂತಳು.

"ಮುಟ್ಟಿತು! ಹೋಗು ಮಾರಾಯ್ತಿ, ಓಡು," ಎಂದಳು ಮಿಸ್ರಿಯಾ.

ಮಗಳು ಓಡಿದ್ದನ್ನು ಅಶೋಕ ಬೇಲಿಗೆ ಒತ್ತಿ ನಿಂತು ನೋಡಿದ. ಊದಿದ ಕಾಲಿನಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಗೋಡೆ ಹಿಡಿದು ನಡೆದ ಮಗು ಅದು. ಈಗ ಮೊದಲನೇ ಗಾಡಿಯ ಮೊದಲನೇ ಸೀಟಿನಲ್ಲಿ ಸುರಕ್ಷಾಳ ಪಕ್ಕ ಹತ್ತಿ ಕೂತಿತು. ಎರಡು ಸೀಟಿಗೆ ಒಂದೇ ಸರಳು, ಬೀಳದಂತೆ ತಡೆಯುವಂಥದ್ದು. ಅದು ಮೇಲಿನಿಂದ ಇಳಿದು ಇಬ್ಬರ ತೊಡೆಗೂ ಸರಿಯಾಗಿ ಒತ್ತಿ ಕೂತಿತು. ಇಬ್ಬರೂ ಸಪೂರ, ಎಲ್ಲಿಯೂ ಸಂದಿ ಇಲ್ಲ. ಅವಳಿಗೇನೂ ಆಗುವುದಿಲ್ಲ ಎಂದು ಅವನ ಎದೆ ತಣ್ಣಗಾಯಿತು.

ಆಮೇಲೆಯೇ ಅವನು ನಾಲ್ಕನೇ ಗಾಡಿಯ ಕಡೆ ನೋಡಿದ್ದು. ಅಲ್ಲಿ ಏಳೆಂಟು ವರ್ಷದ ಒಂದು ಹುಡುಗಿ, ಕಿತ್ತಳೆ ಬಣ್ಣದ ಫ್ರಾಕು. ಅವಳ ಪಕ್ಕ ಅವಳ ಮಾಮ, ಹೊಟ್ಟೆ ಇದ್ದ ದಡೂತಿ ಆಸಾಮಿ. ಸರಳು ಮಾಮನ ಹೊಟ್ಟೆಗೆ ತಾಗಿ ಅಲ್ಲಿಗೇ ನಿಂತಿತ್ತು. ಆ ಹುಡುಗಿಯ ತೊಡೆಗೂ ಸರಳಿಗೂ ನಡುವೆ ಒಂದು ಕೊಡಪಾನ ಇಡುವಷ್ಟು ಜಾಗ. ಅವಳು ಸರಳನ್ನು ಹಿಡಿಯಲು ಸೀಟಿನಿಂದ ಮುಂದಕ್ಕೆ ಜಾರಿ ಕೂತಿದ್ದಳು. ಕೋಸ್ಟರು ಗುಡ್ಡದ ಅಂಚಿನಲ್ಲಿ ಒಂದು ಕಡೆ ಪೂರ್ತಿ ವಾಲುತ್ತದೆ. ಅಲ್ಲಿಂದ ಕೆಳಗೆ ನಲವತ್ತು ಅಡಿ ಮುರಕಲ್ಲಿನ ಕಡಿದಾದ ಬಂಡೆ.

ಅಶೋಕ ಬೇಲಿ ಹಾರಿ ಡೊಂಬಯ್ಯನ ಹತ್ತಿರ ಓಡಿದ.

"ಡೊಂಬಯ್ಯಣ್ಣ, ಆ ಕಿತ್ತಳೆ ಫ್ರಾಕಿನ ಮಗುವನ್ನು ಇಳಿಸಿ. ಅದು ಸಣ್ಣದು."

ಡೊಂಬಯ್ಯ ಕತ್ತೆತ್ತಿ ನೋಡಿದ. "ಕೊಂಡಿ ನಾನೇ ಎಳೆದು ನೋಡಿದ್ದೇನೆ, ಗಟ್ಟಿ ಉಂಟು. ಸಣ್ಣದಾದ್ರೆ ಮಿಸ್ರಿಯಾ ಬಿಡ್ತಿದ್ಳಾ? ಏನಮ್ಮಾ, ಅದು ಮುಟ್ಟಿದೆಯಾ?"

"ಸರಿಯಾಗಿ ಮುಟ್ಟಿದೆ. ನಾನೇ ನೋಡಿದ್ದೇನೆ," ಎಂದಳು ಮಿಸ್ರಿಯಾ ಬಾಗಿಲಿನಿಂದ.

ಗಾಡಿಯಲ್ಲಿದ್ದ ಮಾಮನಿಗೆ ಮಾತು ಕೇಳಿಸಿತು. "ಎಂತ ಮಾರಾಯ್ರೇ, ಹತ್ತು ಜನರ ಎದುರು ಅಳತೆ ಆಗಿದೆಯಲ್ಲ. ಶಹಲಾ ಒಂದು ವಾರದಿಂದ ನಿದ್ದೆ ಮಾಡ್ಲಿಲ್ಲ ಇದಕ್ಕಾಗಿ. ಇಳಿಸುವುದು ಅಂದ್ರೆ ಎಂತ?"

ಶಹಲಾ ಸರಳನ್ನು ಇನ್ನೂ ಗಟ್ಟಿ ಹಿಡಿದುಕೊಂಡಳು. ಸಾಲಿನಲ್ಲಿದ್ದವರು ಗಲಾಟೆ ಶುರು ಮಾಡಿದರು. ಮ್ಯಾನೇಜರ್ ರೋಹಿತ್ ಶಾಮಿಯಾನದ ಕಡೆಯಿಂದ ಕೈ ಎತ್ತಿ, ಬಿಡಿ ಬಿಡಿ ಎಂದು ಸನ್ನೆ ಮಾಡಿದ. ಡೊಂಬಯ್ಯನ ಕೈ ಗುಂಡಿಯ ಮೇಲೆ ಹೋಯಿತು.

ಅಶೋಕ ಮೊದಲನೇ ಗಾಡಿಯ ಕಡೆ ನೋಡಿದ. ಸಾತ್ವಿಕಾ ತಿರುಗಿ ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಇರಲಿಲ್ಲ. ಒಂದು ಸುತ್ತು ಎರಡು ನಿಮಿಷ. ಎರಡೇ ನಿಮಿಷ ಬಾಯಿ ಮುಚ್ಚಿಕೊಂಡರೆ ಅವನ ಮಗಳ ಆರು ವರ್ಷ ಸಾರ್ಥಕ. ಆ ಮಗು ಬೀಳುತ್ತದೆ ಎಂದೇನೂ ಇಲ್ಲ, ಬೀಳದೆಯೂ ಇರಬಹುದು. ಹಾಗೆ ಯೋಚಿಸಿದ ಎಂಬುದನ್ನು ಆಮೇಲೆ ಎಷ್ಟೋ ದಿನ ಅವನಿಗೆ ಮರೆಯಲು ಆಗಲಿಲ್ಲ.

"ಬಿಡ್ಬೇಡಿ!" ಅವನು ಡೊಂಬಯ್ಯನ ಕೈ ಹಿಡಿದುಕೊಂಡ. "ಬೋರ್ಡು ಸುಳ್ಳು, ಡೊಂಬಯ್ಯಣ್ಣ. ನಾನೇ ಮಾಡಿದ್ದು. ನಿನ್ನೆ ಒಂದು ಸಾಲು ಗರಿ ಜಾಸ್ತಿ ಬರೆದೆ. ನನ್ನ ಮಗಳಿಗೋಸ್ಕರ ಬರೆದೆ. ಆರು ಸೆಂಟಿಮೀಟರು ಸುಳ್ಳು ಉಂಟು ಅದರಲ್ಲಿ."

ಡೊಂಬಯ್ಯ ಯಂತ್ರದ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡು, ಕೋಣೆಯಿಂದ ಟೇಪು ತಂದು, ಒಬ್ಬೊಬ್ಬರನ್ನೇ ನಿಲ್ಲಿಸಿ ಅಳೆದ. ಐದು ಮಕ್ಕಳನ್ನು ಇಳಿಸಿದ. ಶಹಲಾ ನೆಲಕ್ಕೆ ಕೂತು ಗೋಳೋ ಎಂದು ಅತ್ತಳು. ಅವಳ ಮಾಮ ಅಶೋಕನ ಅಂಗಿ ಹಿಡಿಯಲು ಬಂದವನು, ಆಮೇಲೆ ಸರಳನ್ನೂ ಸೀಟನ್ನೂ ನೋಡಿ, ಮಗುವನ್ನು ಎತ್ತಿಕೊಂಡು ಹೋದ. ಐದನೆಯವಳು ಸಾತ್ವಿಕಾ. ಇಡೀ ಆರನೇ ಕ್ಲಾಸು ನೋಡುತ್ತಿದ್ದಂತೆ ಮೊದಲನೇ ಸೀಟಿನಿಂದ ಇಳಿದು, ಸ್ಕರ್ಟು ಸರಿ ಮಾಡಿಕೊಂಡು, ತಲೆ ತಗ್ಗಿಸಿ ಹೊರಗೆ ನಡೆದಳು. ಕೋಸ್ಟರು ಉಳಿದವರನ್ನು ಕೂರಿಸಿಕೊಂಡು ಹೋಯಿತು. ಗುಡ್ಡದ ಆ ಕಡೆಯಿಂದ ಮಕ್ಕಳ ಕೂಗು ಕೇಳಿಸಿತು.

"ಸೋಮವಾರದಿಂದ ಬರುವುದು ಬೇಡ," ಎಂದ ರೋಹಿತ್. "ಇವತ್ತು ಪೊಲೀಸಿಗೆ ಹೇಳುವುದಿಲ್ಲ ಎಂಬುದೇ ದೊಡ್ಡದು."

ಡೊಂಬಯ್ಯ ಮಾತ್ರ ಸುತ್ತು ಮುಗಿಸಿ ಬಂದು ಅವನ ಮುಂದೆ ನಿಂತ. "ಹದಿನಾರು ವರ್ಷ, ಒಂದು ಮಗುವಿನ ಉಗುರು ಮುರೀಲಿಲ್ಲ ನನ್ನ ಕೈಯಲ್ಲಿ. ನೀನು ಬರೆದ ಬೋರ್ಡು ಅಂತ ನಾನು ಅಳೆದು ನೋಡ್ಲಿಲ್ಲ, ಅಶೋಕ." "ಬಿಳಿ ತೆಗೊಂಡು ಬಾ. ಹೋಗುವ ಮುಂಚೆ ನೀನೇ ಅಳಿಸಿ ಹೋಗು."

ಅಶೋಕ ಬಿಳಿ ಬಣ್ಣ ತಂದ. ಅಳತೆಗೆ ಈಗ ಟೇಪು ಬಂದದ್ದರಿಂದ ಬೋರ್ಡನ್ನು ಕಿತ್ತು ನೀರಿನ ಟ್ಯಾಂಕಿನ ಹಿಂದೆ ಒರಗಿಸಿ ನಿಲ್ಲಿಸಿದ್ದರು. ಒಂದೊಂದೇ ಗರಿಯ ಮೇಲೆ ಬ್ರಷ್ಷು ಎಳೆಯುತ್ತಿದ್ದಾಗ ಹಿಂದಿನಿಂದ ಶೂಸಿನ ಸದ್ದಾಯಿತು. ಅವನು ತಿರುಗಲಿಲ್ಲ. ತಿರುಗುವ ಮುಖ ಇರಲಿಲ್ಲ.

"ನನಗೆ ಗೊತ್ತಿತ್ತು," ಎಂದಳು ಸಾತ್ವಿಕಾ.

"ಎಂತದು?"

"ಗರಿ. ನಾನು ಬಿಡಿಸಿದ್ದು ಮೂರು ಸಾಲು. ನಿಲ್ಲುವ ಮೊದಲೇ ಎಣಿಸಿದೆ."

ಬ್ರಷ್ಷು ನಿಂತಿತು. "ಗೊತ್ತಿದ್ದೂ ಕೂತೆಯಾ?"

"ನೀವು ಬರೆದದ್ದಲ್ವಾ. ನೀವು ಬರೆದ ಮೇಲೆ ಏನೂ ಆಗ್ಲಿಕ್ಕಿಲ್ಲ ಅಂತ ಕೂತೆ." ಮತ್ತೆ ಹೇಳಿದಳು, "ಬೆಳಿಗ್ಗೆ ಸ್ಟೂಲು ಹತ್ತಿ ಮಾಡಿನ ಸಂದಿಯ ಪಟ್ಟಿಯನ್ನೂ ನೋಡಿದೆ. ನಾಳೆಯಿಂದ ಗುಳಿಗೆ ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ಇಷ್ಟು ವರ್ಷ ಬಿಳಿ ಬಳಿದು ಮುಚ್ಚಿದ್ದನ್ನೆಲ್ಲ ಈ ಮಗು ಬಿಳಿಯ ಅಡಿಯಿಂದ ಓದುತ್ತಲೇ ಇತ್ತು ಎಂದು ಅವನಿಗೆ ಆಗ ಹೊಳೆಯಿತು. ಬೋರ್ಡಿನ ಒಂಬತ್ತು ದಿನಗಳನ್ನೂ ಅವಳು ನಂಬಿರಲಿಲ್ಲವೇನೋ. ಅಪ್ಪ ಹೇಳುತ್ತಾನಲ್ಲ ಎಂದು ಗಂಜಿ ನುಂಗಿದ್ದಿರಬೇಕು. ಅಳು ಬಂತು, ತಡೆಯಲು ನೋಡಿದ, ಆಗಲಿಲ್ಲ. ಬಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಸಾತ್ವಿಕಾ ಅವನು ಮುಗಿಸುವವರೆಗೆ ಕಾದಳು. ಆಮೇಲೆ ಬಂದು ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು.

"ಹಸಿ ಉಂಟು ಮಗಾ, ತಲೆಗೆ ತಾಗ್ತದೆ."

ತಾಗಲಿ ಎಂಬಂತೆ ಅವಳು ನಿಂತೇ ಇದ್ದಳು. ನೆತ್ತಿಗೂ ರೆಕ್ಕೆಗೂ ನಡುವಿನ ಬಿಳಿ ಜಾಗಕ್ಕೆ ಕೈ ಎತ್ತಿ ಬೆರಳು ಇಟ್ಟಳು. ಒಂದು, ಎರಡು, ಮೂರು, ನಾಲ್ಕು.

"ನಾಲ್ಕು ಬೆರಳು," ಎಂದಳು. "ಇಷ್ಟು ತುಂಬುವುದು ಯಾವಾಗ ಅಪ್ಪ?"

ಬರುವ ಬಿಸುವಿಗೆ ಎಂಬ ಮಾತು ಅಭ್ಯಾಸಬಲದಿಂದ ನಾಲಗೆಯ ತುದಿಗೆ ಬಂತು. ಬಿಸುವಿಗಲ್ಲದಿದ್ದರೆ ದೀಪಾವಳಿಗೆ. ಅವಳು ಕೈ ಇಳಿಸದೆ ಅವನ ಬಾಯನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಮಗಾ," ಎಂದ ಅಶೋಕ.

ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಬಿಳಿಯಾದ ನಾಲ್ಕು ಬೆರಳುಗಳನ್ನು ಅವನ ಅಂಗಿಗೇ ಒರೆಸಿ, ಕೆಳಗೆ ಬಿದ್ದಿದ್ದ ಬ್ರಷ್ಷನ್ನು ಎತ್ತಿ ಅವನ ಕೈಗೆ ಕೊಟ್ಟಳು. ಇನ್ನೂ ಎರಡು ಗರಿ ಬಾಕಿ ಇತ್ತು.